ಶನಿವಾರದ ಕೂಪನ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಬಳಿ ಮೂರು ರೇನ್‌ಕೋಟುಗಳಿವೆ. ನಾನಿರುವುದು ಅಥಣಿ ತಾಲ್ಲೂಕಿನ ಸತ್ತಿಯಲ್ಲಿ. ಇಲ್ಲಿ ಕೃಷ್ಣೆ ತುಂಬಿ ಹರಿದರೂ ಅದು ಬೇರೆ ಊರಿನವರ ಮಳೆ. ನಮ್ಮ ತಲೆಯ ಮೇಲೆ ಬೀಳುವುದು ಒಂದು ಛತ್ರಿಗೂ ಸಾಲದು. ಆದರೇನು, ಮೂರನ್ನೂ ಕೂಪನ್ನಿನಲ್ಲಿ ಕೊಂಡೆ. ‘ಎರಡು ಗಂಟೆ ಮಾತ್ರ’ ಎಂದು ಫೋನಿನಲ್ಲಿ ಕೆಂಪು ಅಂಕಿಗಳು ಇಳಿಯತೊಡಗಿದರೆ, ಅವಸರವನ್ನೇ ಅರಿಯದ ಈ ಚಿತ್ರಕಲೆ ಮಾಸ್ತರನ ಎದೆ ಡವಡವ ಎನ್ನುತ್ತದೆ. “ಹಿಂಗ ರೊಕ್ಕಾ ಉಳಿಸಿದ್ರ ಇನ್ನೊಂದ ಖೋಲಿ ಕಟ್ಟಸಬೇಕಾಕ್ಕೈತಿ ನೋಡ್ರಿ” ಎನ್ನುತ್ತಾಳೆ ಹೆಂಡತಿ.

ನಗಬೇಡಿ, ನನ್ನ ಬೆರಗು ನಿಜವಾದದ್ದು. ನಮ್ಮ ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಬೆಲೆ ಆ ಇಬ್ಬರನ್ನು ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲೋ ಕುಳಿತ, ಮುಖವೇ ಕಾಣದ ವ್ಯಾಪಾರಿಯೊಬ್ಬ ಹಾಗೆಯೇ ನನ್ನ ಬೆರಳು ಹಿಡಿದು, ನಿನಗೊಬ್ಬನಿಗೆ ಎಂದು ಬೆಲೆ ಇಳಿಸುತ್ತಾನಲ್ಲ! ಅದು ಊರಿಗೆಲ್ಲ ಇಳಿಸಿದ ಬೆಲೆ ಎಂದು ಗೊತ್ತಿದ್ದರೂ ನನಗೆ ರೋಮಾಂಚನವಾಗುತ್ತದೆ.

ಪಕ್ಕದ ಮನೆಯ ಕಾಸವ್ವನಿಗೆ ಎರಡು ಎಮ್ಮೆಗಳೇ ಸಂಸಾರ. ದಿನವೂ ಕುಡುಗೋಲಿನಿಂದ ಮೇವು ಕತ್ತರಿಸಿ ಕತ್ತರಿಸಿ ಅವಳ ಬಲಗೈ ಮಣಿಕಟ್ಟು ರೊಟ್ಟಿ ಮುರಿಯಲಾರದಷ್ಟು ಸೋತಿತ್ತು. ಇನ್ನು ಕುಡುಗೋಲು ಹಿಡಿಯಬೇಡ ಎಂದಿದ್ದರು ಡಾಕ್ಟರು. ಮೇವು ಕತ್ತರಿಸುವ ಯಂತ್ರ ಕೊಳ್ಳುವಷ್ಟು ಹಣವಿರಲಿಲ್ಲ. ಹೀಗಾಗಿ, ಕರುವಾಗಿದ್ದಾಗಿನಿಂದ ಸಾಕಿದ ಒಂದು ಎಮ್ಮೆಯನ್ನು ಬರುವ ಸಂತೆಯಲ್ಲಿ ಮಾರುವುದೆಂದು ತೀರ್ಮಾನಿಸಿ, ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಆಗ ಬಂತು ಕೂಪನ್. ಅದೇ ಯಂತ್ರ, ಅವಳ ಕೈಗೆಟುಕುವ ಬೆಲೆ, ಸಂಜೆ ಆರರವರೆಗೆ ಮಾತ್ರ. ಜನ್ಮದಲ್ಲಿ ಮೊದಲ ಸಲ ನನ್ನ ಚಟದಿಂದ ಒಬ್ಬರಿಗೆ ಉಪಕಾರವಾಗುವುದಿತ್ತು. ಓಡಿದೆ.

ಕಾಸವ್ವ ಫೋನನ್ನು ದೂರ ಹಿಡಿದು ನೋಡಿದಳು. “ಇವತ್ತ ಶನಿವಾರ ಅಲ್ರಿ ಸರ್ರ? ಶನಿವಾರ ಕಬ್ಬಿಣ ತಗೋಬಾರದ್ರಿ.”

“ಅದು ಮನಿಗೆ ಬರೂದ ಬುಧವಾರ ಬೇ!”

“ರೊಕ್ಕಾ ಕೊಟ್ಟ ದಿನಾನ ವಸ್ತು ನಮ್ದಾತಲ್ರಿ.”

ಶನಿಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಹತ್ತಿರ ಹತ್ತಿರ ಮೂವತ್ತು ವರ್ಷ ತೆಗೆದುಕೊಳ್ಳುತ್ತದಂತೆ. ಅಂಥ ನಿಧಾನಸ್ಥನನ್ನು ತಂದು ಎರಡು ಗಂಟೆಯ ಕೂಪನ್ನಿಗೆ ಅಡ್ಡ ನಿಲ್ಲಿಸಿದ್ದಳು ಮಹಾತಾಯಿ. ನಾನು ಬೇಡಿಕೊಂಡೆ, ರೇಗಿದೆ. ಅವಳು ಎಮ್ಮೆಯ ಬೆನ್ನು ಸವರುತ್ತಲೇ ಇದ್ದಳು. ಆರಕ್ಕೆ ಹತ್ತು ನಿಮಿಷವಿದ್ದಾಗ ಮೆಲ್ಲಗೆ ಅಂದಳು:

“ನೀವ ತಗೋರಿ ಸರ್ರ, ನಿಮ್ಮ ಹೆಸರಿಲೆ. ಅದು ಬಂದ ಮ್ಯಾಲ ಸೋಮವಾರ ನಿಮ್ಮ ಕಡಿಂದ ನಾ ತಗೋತೇನಿ.”

ಅಂದರೆ ಯಂತ್ರ ಅವಳಿಗೆ, ಶನಿ ನನಗೆ! ಆದರೆ ಅಂಕಿಗಳು ಇಳಿಯುತ್ತಿದ್ದವು, ಒತ್ತಿಬಿಟ್ಟೆ.

ಯಂತ್ರ ಬುಧವಾರ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಿತು. ಸೋಮವಾರ ಕಾಸವ್ವ ಹಣ ಕೊಟ್ಟು, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಒಯ್ದಳು. ಎಮ್ಮೆ ಕೊಟ್ಟಿಗೆಯಲ್ಲೇ ಉಳಿಯಿತು. ನಾನು ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳಿ ಕಾಸವ್ವನ ಜಾಣತನಕ್ಕೆ ನಗಾಡುತ್ತಿದ್ದೆ.

ನಗು ನಿಂತದ್ದು ಮೂರು ತಿಂಗಳ ನಂತರ. ಒಂದು ಶನಿವಾರ ಮುಂಜಾನೆ ಹನುಮಪ್ಪನ ಗುಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಕಾಸವ್ವ ದೀಪಕ್ಕೆ ಎಣ್ಣೆ ಹಾಕುತ್ತ ಪೂಜಾರಿಗೆ ನನ್ನ ಹೆಸರು ಹೇಳುತ್ತಿದ್ದಳು.

“ಪ್ರತಿ ಶನಿವಾರ ಬರತಾಳ್ರಿ. ತನಗಂತ ಏನೂ ಬೇಡಂಗಿಲ್ಲ” ಎಂದ ಪೂಜಾರಿ, ಬಾಗಿಲಲ್ಲಿ ನಿಂತ ನನ್ನನ್ನು ನೋಡಿ.

ಕಾಸವ್ವ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಸೆರಗು ಎಳೆದುಕೊಂಡಳು. “ನನ್ನ ಸಲುವಾಗಿ ಶನೀನ ಮೈಮ್ಯಾಲ ಹಾಕ್ಕೊಂಡ್ರಿ ನೀವು. ಹಂಗ ಬಿಡಾಕ ಬರತೈತೇನ್ರಿ?”

ಎಷ್ಟು ದಿನ ಎಣ್ಣೆ ಹಾಕುತ್ತೀ ಎಂದು ಕೇಳಿದೆ.

“ನಾ ಇರೂತನಕಾರಿ” ಎಂದಳು, ಎಮ್ಮೆ ಹಿಂಡುವ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತ.

ಇಷ್ಟು ದೀರ್ಘ ಅವಧಿಯ ಕೂಪನ್ನನ್ನು ನನಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ.