ಕನ್ನಡ ಕಲಿತ ತಪ್ಪಿಗೆ

"ಇವರಿಗೆ ಕನ್ನಡ ಚೆನ್ನಾಗಿ ಬರುತ್ತಲ್ಲ ಮೇಡಂ, ಅದೇ ಪ್ರಾಬ್ಲಮ್ಮು."

ಹೀಗೆಂದವರು ಭದ್ರಾವತಿ ನ್ಯೂ ಟೌನಿನ ಒಂದು ಸಂಘದ ಕಾರ್ಯದರ್ಶಿ. ನಾವಿಬ್ಬರೂ ಸಂಘದ ವರಾಂಡದಲ್ಲಿ ನಿಂತಿದ್ದೆವು. ನನ್ನ ಕೈಯಲ್ಲಿ ಅವರೇ ತರಿಸಿಕೊಟ್ಟ ಕಾಫಿ. ಆ ಕಾಫಿಯನ್ನು ನಾನು ಕುಡಿಯಲಿಲ್ಲ. (ಕಾಫಿ ಬಿಟ್ಟು ಬಂದದ್ದು ಜೀವನದಲ್ಲೇ ಮೊದಲ ಸಲ ಇರಬೇಕು. ನನ್ನನ್ನು ಬಲ್ಲವರಿಗೆ ಇದರ ಗಾಂಭೀರ್ಯ ಗೊತ್ತಾಗುತ್ತದೆ.)

ಕನ್ನಡ ಬರುವುದಿಲ್ಲ ಎಂದು ಜಗಳ ತೆಗೆಯುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಎಷ್ಟೋ ಸಲ ಆ ಜಗಳದಲ್ಲಿ ನಾನೂ ಕನ್ನಡದ ಪಕ್ಷವೇ. ಆದರೆ ಕನ್ನಡ ಬರುತ್ತದೆ ಎನ್ನುವ ಕಾರಣಕ್ಕೆ ಒಬ್ಬಳಿಗೆ ಬಾಗಿಲು ಹಾಕಿದ್ದನ್ನು ಎಲ್ಲಾದರೂ ಕೇಳಿದ್ದೀರಾ?

ಶಿವಮೊಗ್ಗದ ಆಲ್ಕೊಳದಲ್ಲಿ ನಾನಿರುವ ಬಾಡಿಗೆ ಮನೆಯ ಎದುರಿಗೆ ಕೆಲವು ವರ್ಷಗಳಿಂದ ಒಂದರ ಹಿಂದೊಂದು ಅಪಾರ್ಟ್‌ಮೆಂಟ್ ಏಳುತ್ತಿವೆ. ಕಟ್ಟುವ ಕುಟುಂಬಗಳು ಅಲ್ಲೇ ತಗಡಿನ ಶೆಡ್ಡಿನಲ್ಲಿರುತ್ತವೆ. ಒಡಿಶಾದಿಂದ ಬಂದ ಸುಕಾಂತಿ ಅವರಲ್ಲಿ ಒಬ್ಬಳು. ಗಂಡ ಟೈಲ್ಸ್ ಹಾಕುತ್ತಾನೆ, ಇವಳು ಇಟ್ಟಿಗೆ, ಜಲ್ಲಿ ಹೊರುತ್ತಾಳೆ. ಟಿಕಿ ಅಂತ ಒಬ್ಬಳೇ ಮಗಳು. ಮೊದಲ ದಿನ ಕೊಡ ಹಿಡಿದು ನಮ್ಮ ಗೇಟಿನ ಮುಂದೆ ನಿಂತವಳು ನಲ್ಲಿಯ ಕಡೆ ಕೈ ತೋರಿಸಿದಳು. ಬಾಯಲ್ಲಿ ಮಾತೇ ಇಲ್ಲ.

ನನಗೆ ನನ್ನ ಅಮ್ಮ ನೆನಪಾದಳು.

ಅಮ್ಮ ಕರ್ನೂಲಿನ ಕಡೆಯವಳು. ಅಪ್ಪನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಒಂದು ಟ್ರಂಕು, ಒಂದು ಚಾಪೆ ಹಿಡಿದು ಬಂದು ಇಳಿದವಳು. ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ. ಅವರನ್ನು ಸ್ಟೇಷನ್ನಿನಿಂದ ಕರೆದುಕೊಂಡು ಹೋದವರು ಸಂಘದವರು. ಹೌದು, ಇದೇ ಸಂಘ. ತಮಿಳುನಾಡು, ಆಂಧ್ರ, ಕೇರಳ ಅಂತ ಎಲ್ಲೆಲ್ಲಿಂದಲೋ ಕಾರ್ಖಾನೆಗೆ ಬಂದ ಕಾರ್ಮಿಕರು ತಮ್ಮ ಹಿಂದೆ ಬರುವವರಿಗಾಗಿ ಕಟ್ಟಿಕೊಂಡ ಸಂಘ. ಮುಂದೆ ಒಂದು ಹಾಲ್, ಹಿಂದೆ ಸಾಲಾಗಿ ಕೋಣೆಗಳು. ಕ್ವಾರ್ಟರ್ಸ್ ಸಿಗುವ ತನಕ ಹೊಸ ಸಂಸಾರ ಆ ಕೋಣೆಯಲ್ಲಿ. ಮೊದಲ ಸಂಬಳ ಬರುವ ತನಕ ಅನ್ನ ಸಾರು ಸದಸ್ಯರ ಮನೆಗಳಿಂದ, ಸರದಿಯ ಮೇಲೆ. ಮಕ್ಕಳನ್ನು ಸ್ಕೂಲಿಗೆ ಸೇರಿಸುವುದು, ಹೆರಿಗೆಗೆ ಆಸ್ಪತ್ರೆಗೆ ಓಡುವುದು, ಸಂಜೆ ಹಾಲಿನಲ್ಲಿ ಟ್ಯೂಷನ್, ಎಲ್ಲ ಸಂಘದ್ದೇ. ನಾನು ಮಗ್ಗಿ ಕಲಿತದ್ದು ಆ ಹಾಲಿನಲ್ಲಿ.

ಇನ್ನೊಂದು ಪದ್ಧತಿಯಿತ್ತು. ಹೊಸದಾಗಿ ಬಂದ ಹೆಂಗಸರನ್ನು ಸಂಘದ ಹಳೆಯ ಹೆಂಗಸೊಬ್ಬಳು ಭಾನುವಾರ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಬೇಕು. ಹೋಗಿ ಸುಮ್ಮನೆ ದೂರ ನಿಲ್ಲಬೇಕು. ಒಂದು ಮಾತೂ ಸಹಾಯ ಮಾಡಕೂಡದು! ಹೊಸಬಳೇ ಕನ್ನಡದಲ್ಲಿ ಕೇಳಿ, ಚೌಕಾಸಿ ಮಾಡಿ, ಚೀಲ ತುಂಬಿಸಿಕೊಂಡು ಬರಬೇಕು. ಮೊದಲ ಸಂಬಳ ಬಂದ ಮೇಲೆ ಅಮ್ಮನನ್ನು ಕರೆದುಕೊಂಡು ಹೋದವರು ಸೆಲ್ವಿ ಅತ್ತೆ, ಮಧುರೆ ಕಡೆಯವರು. ಅಮ್ಮನಿಗೆ ಅಷ್ಟರಲ್ಲಿ ಗೊತ್ತಾಗಿದ್ದ ಒಂದೇ ತರಕಾರಿಯ ಹೆಸರು ಈರುಳ್ಳಿ. ಅದನ್ನೇ ಚೀಲದ ತುಂಬ ತಂದಳು. ಆ ವಾರವೆಲ್ಲ ಮನೆಯಲ್ಲಿ ಈರುಳ್ಳಿ ಹುಳಿ, ಈರುಳ್ಳಿ ಪಲ್ಯ. ಮುಂದಿನ ಭಾನುವಾರದ ಹೊತ್ತಿಗೆ ಅಮ್ಮ ಬದನೆ, ಬೆಂಡೆ, ನುಗ್ಗೆಯನ್ನೆಲ್ಲ ಬಾಯಿಪಾಠ ಮಾಡಿದ್ದಳಂತೆ. ಹಸಿವು ಎಂಥ ಮೇಷ್ಟ್ರು ನೋಡಿ.

ಅದನ್ನೇ ನಾನು ಸುಕಾಂತಿಯ ಮೇಲೆ ಪ್ರಯೋಗಿಸಿದೆ. ಆಲ್ಕೊಳ ಸರ್ಕಲ್ಲಿನ ಹತ್ತಿರ ತರಕಾರಿ ಗಾಡಿ ಇಡುವ ಬಾಷಾ ಭಾಯಿಗೆ ಮೊದಲೇ ಹೇಳಿದೆ, "ಇವಳ ಹತ್ರ ಹಿಂದಿ ಮಾತಾಡಿದ್ರೆ ನೋಡಿ ಮತ್ತೆ!" ಹೇಳಿ ದೂರ ನಿಂತೆ. ಸುಕಾಂತಿ ನನ್ನ ಕಡೆ ನೋಡಿದಳು. ನಾನು ಬಸ್ಸು ನೋಡುತ್ತಾ ನಿಂತೆ. ಅವಳ ಹೊಟ್ಟೆಯಲ್ಲಿ ಏನೇನು ಬೈಗುಳ ಹುಟ್ಟಿತೋ, ಒಡಿಯಾ ನನಗೆ ಬರುವುದಿಲ್ಲ.

ವರ್ಷ ಕಳೆಯುವುದರೊಳಗೆ ಅವಳು ಬಾಷಾ ಭಾಯಿಯ ಜೊತೆ ಜಗಳವಾಡುವ ಮಟ್ಟಕ್ಕೆ ಬಂದಳು. "ಏನ್ ಭಾಯಿ, ನಿನ್ನೆ ಒಂದು ರೇಟು, ಇವತ್ತು ಒಂದು ರೇಟು? ಕೊಳೆತಿರೋ ಟೊಮೇಟೊ ಕೆಳಗೆ ಇಟ್ಕೊಂಡಿದೀರಿ, ನಂಗೆ ಕಾಣಲ್ವಾ?" ಬಾಷಾ ಭಾಯಿ ತಲೆ ಚಚ್ಚಿಕೊಂಡು ನಕ್ಕರು. "ಏನ್ ಮಾರಾಯ್ತಿ, ನೀನು ಒಡಿಶಾದವಳೋ ಹೊಳೆಹೊನ್ನೂರಿನವಳೋ?"

ಟಿಕಿಯಂತೂ ಸರ್ಕಾರಿ ಶಾಲೆಗೆ ಸೇರಿದ್ದೇ ಕನ್ನಡದಲ್ಲಿ. ಈಗ ಐದನೇ ಕ್ಲಾಸು. ಓದುವುದರಲ್ಲಿ ಮುಂದು. ಒಡಿಯಾ ಮಾತಾಡುತ್ತಾಳೆ, ಅಕ್ಷರ ಗೊತ್ತಿಲ್ಲ. ಅವಳಿಗೆ ಗೊತ್ತಿರುವ ಅಕ್ಷರ ಕನ್ನಡದ್ದು ಮಾತ್ರ.

ಎದುರಿನ ಕಟ್ಟಡ ಮುಗಿಯಿತು. ಕಾಂಟ್ರ್ಯಾಕ್ಟರ್ ಮುಂದಿನ ಕೆಲಸ ಹಿಡಿದದ್ದು ಭದ್ರಾವತಿಯಲ್ಲಿ. ಈ ಸಲ ಶೆಡ್ಡಿನಲ್ಲಿ ಮಕ್ಕಳಿಗೆ ಜಾಗವಿಲ್ಲ ಎಂದುಬಿಟ್ಟ. ಏನಾದರೂ ಹೆಚ್ಚುಕಡಿಮೆಯಾದರೆ ತನ್ನ ತಲೆಗೆ ಬರುತ್ತದೆ ಎಂದು ಭಯ. ಬೆಳಕು ಹರಿಯುವ ಮೊದಲೇ ಶುರುವಾಗುವ ಕೆಲಸ, ಶಿವಮೊಗ್ಗದಿಂದ ದಿನಾ ಓಡಾಡುವಂತಿಲ್ಲ. ಸುಕಾಂತಿಗೆ ಇದ್ದದ್ದು ಎರಡೇ ದಾರಿ. ಭದ್ರಾವತಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಬೇಕು. ಸಿಕ್ಕದಿದ್ದರೆ ಟಿಕಿಯನ್ನು ಊರಿಗೆ, ಅಜ್ಜಿಯ ಹತ್ತಿರ ಕಳಿಸಬೇಕು. ಅಲ್ಲಿ ಅವಳು ಅಕ್ಷರ ಬಾರದ ಐದನೇ ಕ್ಲಾಸಿನವಳು.

ಗಂಡ ಹೆಂಡತಿ ಇಬ್ಬರೂ ಮನೆ ಹುಡುಕಿದರು. ಫೋನಿನಲ್ಲಿ ಸುಕಾಂತಿಯ ಕನ್ನಡ ಕೇಳಿ "ಬನ್ನಿ ನೋಡಿ" ಎಂದವರು ಮುಖ ನೋಡಿದ ಮೇಲೆ "ಈಗಷ್ಟೇ ಬೇರೆಯವರಿಗೆ ಮಾತಾಯ್ತು" ಎಂದರು. ನನಗೆ ಸಂಘ ನೆನಪಾಯಿತು. ಹಿಂದಿನ ಕೋಣೆಗಳು ನೆನಪಾದವು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಒದ್ದಾಡಿದೆವಲ್ಲ ಎಂದು ನನ್ನನ್ನೇ ಬೈದುಕೊಂಡು ತಾಯಿ ಮಗಳ ಜೊತೆ ಭದ್ರಾವತಿಯ ಬಸ್ಸು ಹತ್ತಿದೆ.

ಸಂಘ ಈಗ ಮೊದಲಿನಂತಿಲ್ಲ. ಹಾಲ್ ಎ.ಸಿ. ಕಲ್ಯಾಣ ಮಂಟಪವಾಗಿದೆ. ಹಿಂದಿನ ಕೋಣೆಗಳಲ್ಲಿ ಒಂದು ವಧುವಿಗೆ, ಒಂದು ಅಡುಗೆಯವರ ಸಿಲಿಂಡರುಗಳಿಗೆ. ಉಳಿದವುಗಳಲ್ಲಿ ಮುರಿದ ಪ್ಲಾಸ್ಟಿಕ್ ಕುರ್ಚಿಗಳು. ಅಮ್ಮ ಅಪ್ಪ ಸಂಸಾರ ಹೂಡಿದ ಕೋಣೆ ಯಾವುದೆಂದು ನನಗೆ ಗೊತ್ತು. ಕಿಟಕಿಯಲ್ಲಿ ಇಣುಕಿದೆ. ಕುರ್ಚಿಗಳು ಸೂರು ಮುಟ್ಟಿದ್ದವು.

ಕಾರ್ಯದರ್ಶಿ ಮುರುಗೇಶ್ ನನಗಿಂತ ಚಿಕ್ಕವನು, ಅದೇ ಟ್ಯೂಷನ್ನಿನಲ್ಲಿ ಕೂತವನು. ತಾತ ಸೇಲಂ ಕಡೆಯಿಂದ ಬಂದು ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿದವರು. ಈಗ ಇವನದು ದೊಡ್ಡ ಹಾರ್ಡ್‌ವೇರ್ ಅಂಗಡಿ. ಕೆಟ್ಟವನಲ್ಲ. ನನ್ನನ್ನು ಕಂಡ ಕೂಡಲೇ ಎದ್ದು ನಿಂತ, ಕಾಫಿಗೆ ಹೇಳಿದ. ವಿಷಯ ಕೇಳಿ ತಲೆಯಾಡಿಸಿದ. ಸುಕಾಂತಿಯ ಕಡೆ ತಿರುಗಿ, "ಕ್ಯಾ ನಾಮ್ ಹೈ ಆಪ್‌ಕಾ?" ಎಂದ.

"ಸುಕಾಂತಿ ಅಂತ ಸರ್. ಇವಳು ನನ್ನ ಮಗಳು, ಐದನೇ ಕ್ಲಾಸು. ನೀವು ಹೇಳಿದ ಬಾಡಿಗೆ ಕೊಡ್ತೀವಿ. ಕುರ್ಚಿ ಎಲ್ಲ ನಾನೇ ತೆಗೆದು ಕ್ಲೀನ್ ಮಾಡ್ಕೊಳ್ತೀನಿ. ಮದುವೆ ಇದ್ದ ದಿನ ನಾವು ಹೊರಗೇ ಬರಲ್ಲ ಸರ್."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಒಂದೂ ತಪ್ಪಿಲ್ಲದೆ ಹೇಳಿದಳು. ನನಗೆ ಹೆಮ್ಮೆ. ಮುರುಗೇಶನ ಮುಖ ನೋಡಿದರೆ ಸಣ್ಣಗಾಗಿದೆ!

"ಮೇಡಂ, ಒಂದ್ನಿಮಿಷ ಬನ್ನಿ" ಎಂದು ನನ್ನನ್ನು ವರಾಂಡಕ್ಕೆ ಕರೆದ. ಆಗಲೇ ಆ ಮಾತು ಬಂದದ್ದು.

"ಕನ್ನಡ ಬರೋದು ಪ್ರಾಬ್ಲಮ್ಮಾ?" ಎಂದೆ.

"ಕನ್ನಡ ಬರ್ದೇ ಇರೋರು ಕೆಲ್ಸ ಮುಗಿದ್ಮೇಲೆ ಹೋಗ್ತಾರೆ ಮೇಡಂ. ಇಷ್ಟು ಕಲ್ತೋರು ಹೋಗಲ್ಲ. ಇವತ್ತು ಸ್ಕೂಲು, ನಾಳೆ ರೇಷನ್ ಕಾರ್ಡು, ನಾಡಿದ್ದು ಓಟು. ಇಲ್ಲೇ ಬೇರೂರಿಬಿಡ್ತಾರೆ. ಹೊರಗಿನೋರು ಬಂದು ಬಂದು ನಮ್ಮೂರು ಏನಾಗಿದೆ ನೋಡಿ."

"ನಿಮ್ಮ ತಾತ ವಾಪಸ್ ಹೋದ್ರಾ ಮುರುಗೇಶ್?"

"ಅದು ಬೇರೆ ಮೇಡಂ. ಅವರನ್ನ ಫ್ಯಾಕ್ಟ್ರಿಯೋರು ಕರೆಸಿದ್ರು."

"ಇವರನ್ನ ಕಾಂಟ್ರ್ಯಾಕ್ಟರ್ ಕರೆಸಿದಾನಲ್ಲ?"

ಅವನು ನೆಲ ನೋಡಿದ. "ನನ್ನದೇನಿಲ್ಲ ಮೇಡಂ, ಮೆಂಬರ್ಸ್ ಒಪ್ಪಲ್ಲ."

ಮೆಂಬರ್ಸ್ ಯಾರು? ಎಲ್ಲರೂ ನನ್ನಂಥವರೇ. ಆ ಕೋಣೆಗಳಲ್ಲಿ ಹುಟ್ಟಿದವರು, ಪಕ್ಕದ ಮನೆಯ ಸಾರಿನಲ್ಲಿ ಬೆಳೆದವರು. ಊರು ನಮ್ಮದಾದದ್ದು ಯಾವಾಗ, ಅದಕ್ಕೆ ಬೀಗ ಹಾಕುವ ಅಧಿಕಾರ ಬಂದದ್ದು ಯಾವಾಗ? ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಯಾಕೆಂದರೆ ಆಫೀಸಿನ ಬಾಗಿಲು ತೆರೆದೇ ಇತ್ತು. ಒಳಗೆ ಕೂತ ಸುಕಾಂತಿಗೆ ಪ್ರತಿಯೊಂದು ಮಾತೂ ಕೇಳಿಸಿತ್ತು, ಪ್ರತಿಯೊಂದೂ ಅರ್ಥವಾಗಿತ್ತು. ಅರ್ಥವಾಗುವ ಹಾಗೆ ಮಾಡಿದವಳು ನಾನೇ ತಾನೆ?

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ಅಕ್ಕಾ, ನಾನು ಹಿಂದೀಲೇ ಮಾತಾಡಬೇಕಿತ್ತಾ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಎರಡು ದಿನ ಬಿಟ್ಟು ಮುರುಗೇಶನ ಅಂಗಡಿಯ ಹುಡುಗ ನನ್ನ ಮನೆಗೆ ಒಂದು ಸ್ಕೂಲ್ ಬ್ಯಾಗ್ ತಂದುಕೊಟ್ಟ. ಟಿಕಿಗಂತೆ. ಮೇಲೆ ಸಂಘದ ಹೆಸರು ದಪ್ಪಕ್ಷರದಲ್ಲಿ. ಅವನಿಗೂ ಒಳಗೆಲ್ಲೋ ಚುಚ್ಚಿತ್ತು ಅಂತ ಕಾಣುತ್ತದೆ. ಆದರೆ ಆ ಬ್ಯಾಗ್ ನೋಡುತ್ತಾ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ವಲಸೆ ಬಂದವರಿಗೆ ನಮ್ಮ ಸಂಘ ಸಂಸ್ಥೆಗಳು ಏನೇನು ಕೊಡುತ್ತವೆ? ಕಂಬಳಿ, ಬ್ಯಾಗು, ಹಬ್ಬಕ್ಕೆ ಒಂದು ಸ್ವೀಟ್ ಬಾಕ್ಸು. ಎಲ್ಲವೂ ಎತ್ತಿಕೊಂಡು ಹೋಗುವಂಥ ವಸ್ತುಗಳು. ನನ್ನ ಅಮ್ಮನಿಗೆ ಸಂಘ ಕೊಟ್ಟದ್ದರಲ್ಲಿ ಯಾವುದನ್ನೂ ಎತ್ತಿಕೊಂಡು ಹೋಗಲು ಆಗುತ್ತಿರಲಿಲ್ಲ. ಸೂರು, ನೆರೆಹೊರೆ, ಶಾಲೆ, ಜಗಳವಾಡುವಷ್ಟು ಕನ್ನಡ. ಅದಕ್ಕೇ ನಾವು ಇಲ್ಲಿ ಉಳಿದೆವು, ಓದಿದೆವು, ಮನುಷ್ಯರಾದೆವು. ಉಳಿಯಲಿ ಎಂದು ಸಹಾಯ ಮಾಡುವುದು ಬೇರೆ. ಹೊರಡುವಾಗ ಬೇಜಾರು ಮಾಡಿಕೊಳ್ಳದಿರಲಿ ಎಂದು ಕೊಡುವುದು ಬೇರೆ.

ಟಿಕಿ ಹೊರಟಳು. ಊರಿಗೆ ಹೊರಟಿದ್ದ ಚಿಕ್ಕಪ್ಪನ ಜೊತೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮುಂದಿನ ರೈಲು. ಶಿವಮೊಗ್ಗ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಬ್ಯಾಗಿನಲ್ಲಿ ಬಟ್ಟೆ ತುಂಬಿದ್ದರು. ಬಟ್ಟೆಯ ಮೇಲೆ ಅವಳ ಕನ್ನಡ ಪಠ್ಯಪುಸ್ತಕ.

"ಅದ್ಯಾಕೆ ಪುಟ್ಟಾ, ಭಾರ?" ಎಂದೆ.

"ಇನ್ನೂ ಪಾಠ ಮುಗ್ದಿಲ್ಲ ಮಿಸ್" ಎಂದಳು. (ನಾನು ಅವಳಿಗೆ ಯಾವತ್ತೂ ಪಾಠ ಮಾಡಿದವಳಲ್ಲ. ಕನ್ನಡಕ ಹಾಕಿದವರೆಲ್ಲ ಅವಳಿಗೆ ಮಿಸ್ಸು.) ಸುಕಾಂತಿ ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಚೆನ್ನಾಗಿಯೇ ಇದ್ದ ಜಡೆ ಅದು. ರೈಲು ಹೊರಟ ಮೇಲೆ ಅವಳು ಒಡಿಯಾದಲ್ಲಿ ಅತ್ತಳು. ನನಗೆ ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಈಗ ಅವಳು ಭದ್ರಾವತಿಯ ಶೆಡ್ಡಿನಲ್ಲಿದ್ದಾಳೆ. ಸಂಘದ ಗೇಟಿನ ಮುಂದೆಯೇ ದಿನಾ ಅಂಗಡಿಗೆ ಹೋಗುತ್ತಾಳಂತೆ. ಸೈಟಿನಲ್ಲಿ ಹಿಂದಿ ಮಾತ್ರ ಮಾತಾಡುತ್ತಾಳಂತೆ.

ಮೊನ್ನೆ ಮುರುಗೇಶ್ ಫೋನ್ ಮಾಡಿದ. ಸಂಘದ ಸುವರ್ಣ ಮಹೋತ್ಸವವಂತೆ. ದೊಡ್ಡ ಪ್ರೋಗ್ರಾಮ್, ದೊಡ್ಡ ದೊಡ್ಡವರು ಬರುತ್ತಾರಂತೆ.

"ನೀವು ಮಾತಾಡ್ಲೇಬೇಕು ಮೇಡಂ. ನಿಮ್ಮ ತಾಯಿ ಟ್ರಂಕು ಹಿಡ್ಕೊಂಡು ಬಂದಿದ್ದು, ಮಾರ್ಕೆಟ್ಟಿಂದ ಈರುಳ್ಳಿ ತಂದಿದ್ದು, ಅದನ್ನೇ ಹೇಳಿ. ಜನ ಅಳ್ತಾರೆ."

"ಬರ್ತೀನಿ. ಆದ್ರೆ ಸುಕಾಂತಿ ಕಥೆ ಹೇಳ್ತೀನಿ. ಅದೂ ಅದೇ ಕಥೆನೇ ಅಲ್ವಾ?"

"ಅದು ಈಗಿಂದು ಮೇಡಂ, ಸುಮ್ನೆ ಕಾಂಟ್ರವರ್ಸಿ. ಹಳೇದು ಹೇಳಿ, ಹಳೇದು ಚೆನ್ನಾಗಿರುತ್ತೆ."

ಒಬ್ಬ ತಾಯಿಯ ಕಷ್ಟ ಎಷ್ಟು ಹಳೆಯದಾದ ಮೇಲೆ ನಮ್ಮ ಕಣ್ಣಲ್ಲಿ ನೀರು ತರಿಸಲು ಯೋಗ್ಯವಾಗುತ್ತದೆ?