ಎರಡು ಜಾಲರಿ, ಒಂದು ಹಕ್ಕಿ

ನವೆಂಬರ್ ೯, ಭಾನುವಾರ, ಬೆಳಿಗ್ಗೆ ೧೦.೨೦.

ಹೀಟರ್ ಮೇಲೆ ಒಣಹಾಕಿದ ಟವೆಲಿನಿಂದ ಹಸಿ ಹತ್ತಿಯ ವಾಸನೆ ಬಂತು. ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್‌ನಲ್ಲಿ ಕಾಲುವೆ ಪಕ್ಕದ ಆ ಕಾಗದದಂಗಡಿಯಲ್ಲೂ ಇದೇ ವಾಸನೆ... ಅಂಗಡಿಯಾಕೆ ಇಟಲಿಯವರು, ಎಪ್ಪತ್ತು ದಾಟಿತ್ತು. ಹಿಂದಿನ ಕೋಣೆಯಲ್ಲಿ ಚಿಂದಿ ಬಟ್ಟೆ ನೆನೆಸಿ ಕೈಯಿಂದಲೇ ಹಾಳೆ ಮಾಡುತ್ತಿದ್ದರು. ದಿನಚರಿಗೆ ಪುಸ್ತಕ ಕೊಳ್ಳಲು ಹೋದ ನಾನು ಎರಡು ವರ್ಷಗಳಲ್ಲಿ ಅಲ್ಲಿಗೆ ಅರವತ್ತೊಂದು ಸಲ ಹೋದೆ.

ಅವರ ಅಜ್ಜ ಅಜ್ಜಿಗೆ ಇಟಲಿಯ ಹೊಳೆಯೊಂದರ ದಂಡೆಯಲ್ಲಿ ಶತಮಾನಗಳಷ್ಟು ಹಳೆಯ ಕಾಗದದ ಗಿರಣಿಯಿತ್ತು. ನೀರಿನ ಚಕ್ರ ತಿರುಗಿದಂತೆ ಮರದ ಸುತ್ತಿಗೆಗಳು ಚಿಂದಿಯನ್ನು ಕುಟ್ಟುತ್ತಿದ್ದವು. ಆ ಮುದ್ದೆಯನ್ನು ನೀರಿನಲ್ಲಿ ಕಲಕಿ ತಂತಿಯ ಜಾಲರಿಯಲ್ಲಿ ಎತ್ತಿದರೆ ಹಾಳೆ. ಆಳುಗಳೆಲ್ಲ ಬಿಟ್ಟುಹೋದ ಮೇಲೆ ಅಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಊರಿನವರು ಬರೆದ ಗಿರಣಿಯ ಚರಿತ್ರೆಯಲ್ಲಿ ಮಾತ್ರ, ಅಜ್ಜ ಒಬ್ಬನೇ ದುಡಿದ ಎಂದಿತ್ತು.

“ನನ್ನಜ್ಜಿ ಬರೀ ಅಡುಗೆ ಮಾಡ್ಕೊಂಡಿದ್ದಳಂತೆ! ಅವಳ ಅಡುಗೆ ತಿಂದೋರು ಯಾರೂ ಹಾಗೆ ಬರೀತಿರಲಿಲ್ಲ” ಎಂದು ಅಂಗಡಿಯಾಕೆ ಇಂಗ್ಲಿಷಿನಲ್ಲಿ ರೇಗಿದ್ದರು.

ಅವರ ಬಳಿಯಿದ್ದ ಸಾಕ್ಷಿ ಒಂದೇ: ಗಿರಣಿಯ ಕೊನೆಯ ಕಟ್ಟು, ತೊಂಬತ್ತಾರು ಹಾಳೆ, ಮಾಡಿದ ಕ್ರಮದಲ್ಲೇ. ಒಬ್ಬರೇ ದುಡಿದರೆ ಒಂದು ಜಾಲರಿ ಸಾಕು. ಇಬ್ಬರಿದ್ದರೆ ಜೋಡಿ ಬೇಕು. ಒಬ್ಬರು ಒಂದನ್ನು ತೊಟ್ಟಿಯಲ್ಲಿ ಅದ್ದುವಾಗ ಇನ್ನೊಬ್ಬರು ಮತ್ತೊಂದರ ಹಸಿ ಹಾಳೆಯನ್ನು ಕಂಬಳಿಯ ಮೇಲೆ ಮಗುಚುತ್ತಾರೆ. ಒಂದೊಂದು ಜಾಲರಿಗೂ ಬೇರೆಬೇರೆಯಾಗಿ ಹೊಲಿದ ತಂತಿಯ ಹಕ್ಕಿ ಹಾಳೆಯಲ್ಲಿ ಗುರುತು ಬಿಡುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ.

“ನಿನಗೆ ಎಣಿಸೋ ಹುಚ್ಚಿದೆಯಲ್ಲ, ಎಣಿಸು.”

ಹೋದ ವರ್ಷ ಮಾರ್ಚ್ ೧೪ಕ್ಕೆ ಮುಗಿಸಿದೆ. ಎಡಕ್ಕೆ ನೋಡುವ ಹಕ್ಕಿ ಐವತ್ತೆಂಟು, ಬಲಕ್ಕೆ ನೋಡುವುದು ಮೂವತ್ತೆಂಟು. ಎರಡು ಜಾಲರಿ! ಅವರು ಖುಷಿಯಿಂದ ನನ್ನ ಕೆನ್ನೆ ಹಿಂಡಿದರು. ಜೊತೆಗೆ ಬಂದಿದ್ದ ಹುಬ್ಬಳ್ಳಿಯ ರೂಮ್‌ಮೇಟ್ ಒಂದು ಹಾಳೆ ಎತ್ತಿ ನೋಡಿದಳು.

“ಏ ಲೆಕ್ಕದ ರಾಣಿ, ಹಾಳಿ ತಿರುವಿದ್ರ ಹಕ್ಕಿನೂ ತಿರುಗ್ತದಲ್ಲವಾ! ನೀ ಯಾ ಕಡಿಂದ ನೋಡಿದಿ?”

ಅಂಗಡಿಯಾಕೆಗೆ ಕನ್ನಡ ಬಾರದು. ನನ್ನ ತಪ್ಪನ್ನು ನಾನೇ ಹೇಳಬೇಕಾಯಿತು. ಅವರ ಮುಖ ಸಣ್ಣದಾಯಿತು. ಕಟ್ಟನ್ನು ನನ್ನತ್ತ ತಳ್ಳಿ, “ಮೊದಲಿಂದ ಮಾಡು. ಮೊದಲು ಬೆರಳು, ಆಮೇಲೆ ಕಣ್ಣು” ಎಂದರು. ಜಾಲರಿ ತಾಗಿದ ಬದಿ ಒರಟು. ಸವರಿ ಸವರಿ, ಎಲ್ಲ ಹಾಳೆಗಳನ್ನೂ ಒರಟು ಬದಿ ಮೇಲೆ ಬರುವಂತೆ ಜೋಡಿಸಿದೆ.

ಎಲ್ಲ ಹಕ್ಕಿಗಳೂ ಎಡಕ್ಕೇ ನೋಡುತ್ತಿದ್ದವು. ಹಾಗಾದರೆ ಜಾಲರಿ ಒಂದೇ ಎನ್ನಿಸಿತು. ಆದರೂ ಬಿಡದೆ ನೋಡಿದೆ. ಒಂದರ ರೆಕ್ಕೆಯ ಕೆಳಗೆ ಹೊಲಿಗೆಯ ಚುಕ್ಕಿ ಮೂರು. ಮುಂದಿನದರಲ್ಲಿ ನಾಲ್ಕು. ಮತ್ತೆ ಮೂರು, ಮತ್ತೆ ನಾಲ್ಕು... ಮೂರರವು ನಲವತ್ತೆಂಟು, ನಾಲ್ಕರವೂ ನಲವತ್ತೆಂಟು. ಜಾಲರಿ ಎರಡೇ.

“ಇವುಗಳಲ್ಲಿ ಅಜ್ಜಿಯ ಹಾಳೆ ಯಾವುದು?” ಎಂದು ಕೇಳಿದೆ.

“ಪೆದ್ದಿ! ಪ್ರತಿ ಹಾಳೆನೂ ಇಬ್ಬರ ಕೈ ದಾಟಿರೋದು.”

ಅವರು ಕಳೆದ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಗಡಿಯಲ್ಲಿ ಈಗ ಕನ್ನಡಕ ಮಾರುತ್ತಾರೆ. ನನ್ನ ಎಣಿಕೆಯನ್ನು ಆ ಊರಿಗೆ ಎರಡು ಸಲ ಕಳಿಸಿದ್ದೇನೆ. ಚರಿತ್ರೆಯನ್ನು ಇನ್ನೂ ತಿದ್ದಿಲ್ಲ. ತಿದ್ದುತ್ತಾರೆ, ಆದರೆ ಅದನ್ನು ಓದಲು ಅಂಗಡಿಯಾಕೆ ಇರುವುದಿಲ್ಲ. ಅಜ್ಜಿ ಯಾವ ವರ್ಷ ತೊಟ್ಟಿಯ ಬಳಿ ಬಂದು ನಿಂತರೆಂಬುದು ಮಾತ್ರ ಗೊತ್ತಾಗಬೇಕು. ಆಳುಗಳು ಹೋದ ಮೇಲೆ ಎರಡೂ ಜಾಲರಿಯ ಹಾಳೆಗಳು ಒಟ್ಟಿಗೆ ಕಾಣುವ ಮೊದಲ ವರ್ಷವೇ ಅದು. ಯುರೋಪಿನ ಯಾವುದಾದರೂ ಹಳೆಯ ಪುಸ್ತಕಗಳ ಸಂತೆಯಲ್ಲಿ ಹಕ್ಕಿಯ ಗುರುತಿರುವ, ತಾರೀಖು ಬರೆದ ಇಟಲಿಯ ಕಾಗದ ಇದನ್ನು ಓದುವ ಯಾರ ಕೈಗಾದರೂ ಸಿಕ್ಕರೆ, ಒರಟು ಬದಿಯಿಂದ ನೋಡಿ, ರೆಕ್ಕೆಯ ಕೆಳಗಿನ ಚುಕ್ಕಿಗಳನ್ನು ಎಣಿಸಿ ನನಗೆ ಬರೆಯಿರಿ.