ಮುನೇಶ್ವರನ ಮೊದಲ ಬಾಟಲಿ

ಹನುಮಂತಯ್ಯ ಕುಡಿತ ಬಿಟ್ಟದ್ದು ಮಗಳ ಮದುವೆಯ ಮಾರನೆಯ ದಿನ. ಮದುವೆಯಲ್ಲಿ ಗಂಡಿಗೆ ಕಟ್ಟಬೇಕಿದ್ದ ಬಾಸಿಂಗವನ್ನು ತನ್ನ ಹಣೆಗೇ ಕಟ್ಟಿಕೊಂಡು ಹಸೆಮಣೆಯ ಮೇಲೆ ಕೂತು, ಎಬ್ಬಿಸಲು ಬಂದ ಬೀಗರಿಗೆ "ನನ್ ಮದ್ವೆಗೆ ನಿಮ್ಮನ್ನ ಕರ್ದೋರ್ಯಾರು?" ಎಂದು ಕೇಳಿದ್ದ. ಬೆಳಗಾದ ಮೇಲೆ ಹೆಂಡತಿ ಸಿದ್ದಮ್ಮ ಅವನನ್ನು ಮುನೇಶ್ವರನ ಮುಂದೆ ನಿಲ್ಲಿಸಿ ಕರ್ಪೂರ ಹಚ್ಚಿದಳು. ಹನುಮಂತಯ್ಯ ಆಣೆಯಿಟ್ಟ: "ಸ್ವಾಮಿ ಪ್ರಸಾದ ಬಿಟ್ಟು ಒಂದ್ ತೊಟ್ಟೂ ಮುಟ್ಟಲ್ಲ."

ಆ ಮಾತಿನೊಳಗಿದ್ದ ಕಿಂಡಿ ಸಿದ್ದಮ್ಮನಿಗೆ ಆಮೇಲೆ ಕಂಡಿತು. ಮುನೇಶ್ವರನ ಪೂಜಾರಿ ಅವನೇ. ಸಿಂಗಸಂದ್ರದ ಹಿಂದಿನ ಹೊಲದಂಚಿನ ಆ ದೇವರಿಗೆ ಹರಕೆ ಹೊತ್ತವರು ಬ್ರಾಂದಿ, ಚುಟ್ಟ ಒಪ್ಪಿಸುವುದು ತಲೆಮಾರುಗಳ ಪದ್ಧತಿ. ದೇವರು ಕಣ್ಣಲ್ಲೇ ಕುಡಿಯುತ್ತಾನೆ, ಉಳಿದದ್ದು ಪ್ರಸಾದ.

ಆದರೆ ಹೊಲದ ಸುತ್ತ ಅಪಾರ್ಟ್‌ಮೆಂಟುಗಳೆದ್ದವು. ಹೊಸ ಭಕ್ತರು ಗುಡಿಗೆ ಟೈಲ್ಸ್ ಹಾಕಿಸಿದರು, ಕೇಸರಿಬಾತ್ ತಂದರು, ಮಾವಿನ ಜ್ಯೂಸಿನ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿ ದೇವರ ಮುಂದಿಟ್ಟರು. ಮುನೇಶ್ವರನ ಗಂಟಲು ಒಣಗಿತು, ಜೊತೆಗೆ ಪೂಜಾರಿಯದೂ.

ಉಳಿದದ್ದು ವರ್ಷಕ್ಕೊಂದು ದಿನ. ಹೊಲದ ಒಡೆಯ ನಂಜಪ್ಪ ರಾಗಿ ಬಿತ್ತುವುದನ್ನು ಬಿಟ್ಟು ಜಾಗವನ್ನು ನಗರದ ವೈನ್ ಹಬ್ಬಕ್ಕೆ ಬಾಡಿಗೆಗೆ ಕೊಡುತ್ತಿದ್ದ. ಟಿಕೆಟ್ ಕೊಂಡು ಬಂದ ಜನ ಗ್ಲಾಸನ್ನು ಮೂಗಿಗೆ ಹಿಡಿದು, ಕುಡಿಯುವ ಮೊದಲೇ ತಲೆದೂಗುವ ಹಬ್ಬ ಅದು. ನಂಜಪ್ಪನ ಷರತ್ತು ಒಂದೇ: ಮೊದಲ ಬಾಟಲಿ ಮುನೇಶ್ವರನಿಗೆ ಸಲ್ಲಬೇಕು, ಆಮೇಲೆ ಗೇಟು ತೆಗೆಯಬೇಕು. ಆ ಬಾಟಲಿಗಾಗಿ ಹನುಮಂತಯ್ಯ ಉಳಿದ ದಿನಗಳನ್ನೆಲ್ಲ ಸಜ್ಜನನಾಗಿ ಕಳೆಯುತ್ತಿದ್ದ.

ಈ ವರ್ಷ ಸಿದ್ದಮ್ಮ ಅಡ್ಡ ನಿಂತಳು.

"ಗೌಡ್ರೇ, ಟೈಲ್ಸ್ ಬಂದ್ಮ್ಯಾಲೆ ಸ್ವಾಮಿ ಸುದ್ದವಾಗವ್ನೆ. ಈಗ್ಲೂ ವೈನು ಬೇಕಾ ಅಂತ ಅವ್ನನ್ನೇ ಕೇಳಾನ. ಬ್ಯಾಡ ಅಂದ್ರೆ ಇನ್ಮ್ಯಾಕೆ ಎಲ್ಲಾ ವರ್ಸಾನೂ ಎಳನೀರೇ."

"ಅದೂ ಸರೀನೆ," ಎಂದ ನಂಜಪ್ಪ.

ಹಬ್ಬ ನಡೆಸುವ ಕಂಪನಿಯ ದೀಪಶ್ರೀ ವಾಕಿಟಾಕಿ ಹಿಡಿದು ಓಡಿಬಂದಳು. "ಅಂಕಲ್, ಎಷ್ಟೊತ್ತಾಗತ್ತೆ? ಹೊರಗಡೆ ಕ್ಯೂ ನಿಂತಿದೆ!"

"ಸ್ವಾಮಿ ಹೂ ಕೊಡೋಗಂಟ ಕಣಮ್ಮ," ಎಂದ ನಂಜಪ್ಪ.

ದೇವರ ಎರಡೂ ಹೆಗಲ ಮೇಲೆ ಒಂದೊಂದು ಸೇವಂತಿಗೆ ಇಟ್ಟು ಕೇಳುವುದು ಕ್ರಮ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದಾದರೆ ಇಲ್ಲ. ಹನುಮಂತಯ್ಯ ಒಳಗೊಳಗೇ ನಕ್ಕ. ಒದ್ದೆ ಹೂ ಕಲ್ಲಿಗೆ ಅಂಟಿಕೊಳ್ಳುತ್ತದೆ, ಒಣ ಹೂ ಬೇಗ ಉದುರುತ್ತದೆ. ಇಷ್ಟರ ಬಲದಿಂದಲೇ ಅವನು ಊರಿನ ಎಷ್ಟೋ ಮದುವೆ, ಬೋರ್‌ವೆಲ್‌ಗಳನ್ನು ತೀರ್ಮಾನಿಸಿದ್ದ. ಎಡಗಡೆಯ ಹೂವನ್ನು ತಂಬಿಗೆಯಲ್ಲಿ ಚೆನ್ನಾಗಿ ಅದ್ದಿ ಒತ್ತಿದ. ಬಲಗಡೆಯದನ್ನು ಪಂಚೆಯಲ್ಲಿ ಒರೆಸಿ ಮೆಲ್ಲಗೆ ಇಟ್ಟ. ಕೈ ಮುಗಿದು ಬಾಯಿ ತೆರೆಯುವಷ್ಟರಲ್ಲಿ ಸಿದ್ದಮ್ಮ ಗಟ್ಟಿಯಾಗಿ ಕೇಳಿಬಿಟ್ಟಳು:

"ಸ್ವಾಮಿ, ಬಲಗಡೆ ಕೊಟ್ರೆ ಎಳನೀರು. ಎಡಗಡೆ ಕೊಟ್ರೆ ಆ ದರಿದ್ರ ವೈನು!"

ಹನುಮಂತಯ್ಯನ ಮುಖ ಇಳಿಯಿತು. "ಅದೆಂಗೆ ತಿರುಗಾಮುರುಗಾ ಕೇಳ್ತೀಯೆ?"

"ಯಾಕೆ, ಸ್ವಾಮಿಗೆ ಅರ್ಥವಾಗಾಕಿಲ್ವಾ? ಇಲ್ಲ ನಿಂಗೇನಾರ ತೊಂದ್ರೆನಾ, ಪೂಜಾರಪ್ಪಾ?"

ತೊಂದರೆ ಏನೆಂದು ಹೇಳುವ ಹಾಗಿರಲಿಲ್ಲ. ಒಣ ಹೂ ಆಗಲೇ ಗಾಳಿಗೆ ಅಲ್ಲಾಡುತ್ತಿತ್ತು. ಅದು ಬಿದ್ದರೆ ಸಾಯುವತನಕ ಎಳನೀರು. ಹನುಮಂತಯ್ಯ ಕಣ್ಣು ಮುಚ್ಚಿದ. ಇಷ್ಟು ವರ್ಷ ದೇವರ ಪರವಾಗಿ ತಾನೇ ಉತ್ತರ ಕೊಟ್ಟವನು, ಅಂದು ಮೊದಲ ಸಲ ದೇವರನ್ನು ನಿಜವಾಗಿ ಬೇಡಿಕೊಂಡ.

ಅಷ್ಟರಲ್ಲಿ ವೇದಿಕೆಯ ಕಡೆ ಯಾರೋ ಸ್ಪೀಕರ್ ಪರೀಕ್ಷಿಸಿದರು. ಧಡ್ ಎಂದು ನೆಲ ನಡುಗಿತು, ಗುಡಿಯ ಗಂಟೆ ತಾನಾಗಿ ಕಿಣಿಗುಟ್ಟಿತು. ಒಣ ಹೂ ಚಂಗನೆ ಎದ್ದು, ಹೆಗಲವರೆಗೆ ಇಳಿದಿದ್ದ ದೇವರ ಬೆಳ್ಳಿ ಮೀಸೆಯ ತುದಿಗೆ ಸಿಕ್ಕಿಕೊಂಡಿತು. ನೀರು ಕುಡಿದು ಭಾರವಾಗಿದ್ದ ಎಡಗಡೆಯ ಹೂ ಜಾರಿ, ಪಾದದ ಮೇಲೆ ಬಿತ್ತು.

"ಸೌಂಡಿಗೆ ಬಿತ್ತು ಅದು!" ಎಂದು ಸಿದ್ದಮ್ಮ ಕೂಗಿದಳು.

"ಸೌಂಡ್ ಕೊಟ್ಟೋನ್ಯಾರು?" ಎಂದ ಹನುಮಂತಯ್ಯ. ಕೇಳಿದವನೇ ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡ.

"ಗೇಟ್ ಓಪನ್!" ಎಂದು ದೀಪಶ್ರೀ ವಾಕಿಟಾಕಿಯಲ್ಲಿ ಕಿರುಚಿದಳು.

ಬಾಟಲಿ ದೇವರ ಮುಂದಿನಿಂದ ಕೈಗೆ ಬಂತು. ಹಿಂದಿನ ವರ್ಷಗಳಂತೆ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಗುಡಿಯ ಹಿಂದಕ್ಕೆ ಹೋಗಲು ಹನುಮಂತಯ್ಯನಿಗೆ ಕಾಲು ಬರಲಿಲ್ಲ. ದೇವರು ತಾನಾಗಿ ಕೇಳಿ ಪಡೆದದ್ದನ್ನು ಒಬ್ಬನೇ ಕುಡಿಯುವುದು ಹೇಗೆ? ತೀರ್ಥದ ಉದ್ಧರಣೆ ತೆಗೆದುಕೊಂಡು, ಮೊದಲ ಚಮಚ ಸಿದ್ದಮ್ಮನ ಕಡೆಗೆ ಚಾಚಿದ. ಪ್ರಸಾದ ಬೇಡವೆನ್ನಲು ಅವಳಿಗೂ ಧೈರ್ಯವಿರಲಿಲ್ಲ. ಅಂಗೈಯೊಡ್ಡಿ ಕುಡಿದಳು. ಮುಖ ಹಿಂಡಿದಳು.

"ಥೂ, ಉಣ್ಸೆಹಣ್ ಕಿವುಚಿದ್ ನೀರು! ಇದುಕ್ಕಾ ಬಾಸಿಂಗ ಕಟ್ಕಂಡಿದ್ದು ನೀನು?"

"ಅವತ್ತಿಂದು ಬ್ರಾಂದಿ ಕಣೆ," ಎಂದ ಅವನು ತಗ್ಗಿದ ದನಿಯಲ್ಲಿ.

ನಂಜಪ್ಪ ಕೈ ಚಾಚಿದ, ದೀಪಶ್ರೀ ಚಾಚಿದಳು, ಅವರ ಹಿಂದೆ ಗ್ಲಾಸು ಹಿಡಿದ ಸಾಲೊಂದು ತಾನಾಗಿ ಬೆಳೆಯಿತು. ಬಾಟಲಿ ಹಗುರಾಗುತ್ತ ಬಂತು. ಕೊನೆಗೆ ಹನುಮಂತಯ್ಯ ಅದನ್ನು ತಲೆಕೆಳಗು ಮಾಡಿ ತನ್ನ ಅಂಗೈಗೆ ತಟ್ಟಿದ. ಕೆಂಪಗೆ ಒಂದಿಷ್ಟು ಹನಿ. ಅದನ್ನು ಬಾಯಿಗೆ ಎತ್ತುವ ಮೊದಲೇ ಪಕ್ಕದಿಂದ ಬಳೆ ತೊಟ್ಟ ಕೈಯೊಂದು ಮತ್ತೆ ಬಂತು.

"ಇನ್ನೂ ಐತಾ?" ಎಂದಳು ಸಿದ್ದಮ್ಮ, ಬೇರೆ ಕಡೆ ನೋಡುತ್ತ.